ಕೊಬ್ಬರಿ ಸೀಮೆಯ ಮಾತು ಬರೆದುಕೊಳ್ಳುವವರಿಗೆ ಒಂದಿಷ್ಟು ಪಾಠ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯ ಆಡುಮಾತು, ಗಾದೆ, ತೋಟದ ಪದ, ಅಡುಗೆಮನೆಯ ಪದ ಬರೆದಿಟ್ಟುಕೊಳ್ಳುವುದು ಹಳ್ಳಿ ಶಾಲೆಯ ಕನ್ನಡ ಮೇಷ್ಟ್ರಾದ ನನಗೆ ಹತ್ತಿಕೊಂಡ ಚಟ. ಜಾನಪದ ಎಂ.ಎ. ಓದುವ ಹುಡುಗರು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಊರ ಮಾತು ಮರೆತೇಹೋದೀತೆಂಬ ದಿಗಿಲು ಹತ್ತಿದವರು ‘ಎಲ್ಲಿಂದ ಶುರು ಮಾಡೋದು ಸಾರ್’ ಎಂದು ಆಗಾಗ ಕೇಳುತ್ತಾರೆ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಪದ ಕೇಳಲು ಹೋಗಬೇಡಿ, ಕೆಲಸ ನಡೆಯುವ ಕಡೆ ಹೋಗಿ

ಜಗುಲಿ ಮೇಲೆ ಕೂತ ಹಿರಿಯರ ಮುಂದೆ ನೋಟ್‌ಬುಕ್ಕು ಬಿಚ್ಚಿ ‘ನಿಮ್ಮ ಕಡೆಯ ಹಳೇ ಪದ ಹೇಳಿ’ ಎಂದರೆ ಏನೂ ಹುಟ್ಟುವುದಿಲ್ಲ. ‘ನಮ್ದೇನೈತೆ ಮೇಷ್ಟ್ರೇ, ಓದಿದೋರು ನೀವು’ ಎನ್ನುತ್ತಾರೆ. ಬಲವಂತ ಮಾಡಿದರೆ ಪಠ್ಯಪುಸ್ತಕದಲ್ಲೇ ಇರುವ ನಾಲ್ಕು ಗಾದೆ ಹೇಳಿ ಕಾಫಿ ಕೊಟ್ಟು ಕಳಿಸುತ್ತಾರೆ. ಅದೇ ಮನೆಯಲ್ಲಿ ಕೊಬ್ಬರಿ ಒಡೆಸುವ ದಿನ ಸುಮ್ಮನೆ ಒಂದು ಮೂಲೆಯಲ್ಲಿ ಕೂತು ನೋಡಿ.

ಹೊರಗಿನವರಿಗಾಗಿ ಕೆಲಸವನ್ನು ಸ್ವಲ್ಪ ಹೇಳಬೇಕು. ಬಲಿತ ಕಾಯಿಯನ್ನು ಕೆಡವಿ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಒಂಬತ್ತು ತಿಂಗಳೋ ವರ್ಷವೋ ಅಲ್ಲೇ ಬಿದ್ದಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಸುಕ್ಕಿ, ಕರಟದಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಸುಲಿದು, ಮಚ್ಚಿನಲ್ಲಿ ಕರಟ ಬಿಡಿಸಿ, ಇಡೀ ಉಂಡೆಯನ್ನು ಒಡೆಯದ ಹಾಗೆ ಹೊರಗೆ ತೆಗೆಯಬೇಕು. ಇದು ಉಂಡೆ ಕೊಬ್ಬರಿ. ತಿಪಟೂರು ಮಾರುಕಟ್ಟೆಗೆ ಹೆಸರು ಬಂದದ್ದೇ ಇದರಿಂದ. ಎರಡಾಗಿ ಸೀಳಿದರೆ ಅದು ಗಿಟುಕು. ರೇಟು ಬಿತ್ತು ಎಂದೇ ಲೆಕ್ಕ.

ಈ ಕೆಲಸದ ನಡುವೆ ಮಾತು ಹೇಗೆ ಬರುತ್ತದೆ ನೋಡಿ. ಹಿರಿಯಾಕೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ‘ಗುಡಗುಡ ಅಂದ್ರೆ ಆಗೈತೆ. ಇನ್ನೂ ನೀರಾಡ್ತೈತೆ ಇದು, ಅತ್ಲಾಗ್ ಮಡಗು’ ಎನ್ನುತ್ತಾಳೆ. ಮಚ್ಚು ಹಿಡಿದ ಹುಡುಗನಿಗೆ, ‘ಮೆಲ್ಲುಕ್ ಒಡಿಯೋ, ಗಿಟುಕಾದ್ರೆ ಯಾವೋನ್ ತಗಂತಾನೆ?’ ಇನ್ನೊಬ್ಬಳು ಮೂಸಿ ನೋಡಿ, ‘ಕೌಟು ಕಣಕ್ಕ’ ಎಂದು ಬೇರೆ ಗುಡ್ಡೆಗೆ ಎಸೆಯುತ್ತಾಳೆ. ನೀರಾಡು, ಮಡಗು, ಗಿಟುಕು, ಕೌಟು: ಎರಡು ನಿಮಿಷಕ್ಕೆ ಇಷ್ಟು ಸಿಕ್ಕಿತು, ಬಳಸುವ ವಾಕ್ಯದ ಸಮೇತ. ಜಗುಲಿಯ ಸಂದರ್ಶನದಲ್ಲಿ ಇದು ಬಾರದು.

ಕಾಯಿ ಕೆಡವುವ ದಿನ ತೋಟಕ್ಕೆ ಹೋದರೆ ಇನ್ನೊಂದು ಕಂತೆ ಸಿಗುತ್ತದೆ. ಹೊಂಬಾಳೆ ಒಡೆದಾಗಿನಿಂದ ಗೊನೆ ತೂಗುವವರೆಗೆ ಪ್ರತಿ ಹಂತಕ್ಕೂ ಹೆಸರಿದೆ. ಹೀಚು ಕಟ್ಟುವ ಮೊದಲೇ ಉದುರಿದರೆ ‘ಹರಳು ಉದುರ್ತೈತೆ’ ಎಂದು ತಲೆ ಮೇಲೆ ಕೈ. ಮರದಲ್ಲಿದ್ದಾಗ ಗರಿ, ಒಣಗಿ ಬಿದ್ದರೆ ಸೋಗೆ, ಒಲೆಗೆ ಹಾಕುವ ಅದರ ಬುಡ ಎಡಮಟ್ಟೆ. ಇದನ್ನೇ ಹೆಡೆಮಟ್ಟೆ ಎನ್ನುವವರೂ ಇದ್ದಾರೆ; ಯಾವುದು ಸರಿ ಎಂದು ತೀರ್ಪು ಕೊಡಲು ಹೋಗದೆ ಎರಡನ್ನೂ ಬರೆದಿಡಿ. ಕಾಯಿಯಿಂದ ಸುಲಿದದ್ದು ಮಟ್ಟೆ, ಅದನ್ನು ಬಡಿದರೆ ನಾರು, ಪಾತ್ರೆ ತಿಕ್ಕಲು ಹಿಡಿದರೆ ಗುಂಜು.

ನಮ್ಮ ತುಮಕೂರು ಜಿಲ್ಲೆಯನ್ನು ‘ಕಲ್ಪತರು ನಾಡು’ ಎಂದು ಕಮಾನಿನ ಮೇಲೆ, ಬ್ಯಾನರಿನ ಮೇಲೆ ಬರೆಯುತ್ತಾರೆ. ತೋಟದಲ್ಲಿ ಕೆಲಸ ಮಾಡುವ ಒಬ್ಬರ ಬಾಯಲ್ಲೂ ನಾನು ಆ ಪದ ಕೇಳಿಲ್ಲ. ಅವರಿಗೆ ಅದು ತೆಂಗಿನ ತುಡಿಕೆ, ಇಲ್ಲವೇ ಬರೀ ತೋಟ.

2. ‘ಎಂಗೆ’ ಎಂದವರನ್ನು ‘ಹೇಗೆ’ ಎಂದು ತಿದ್ದಬೇಡಿ

ಮೇಷ್ಟ್ರುಗಳಿಗೆ ಇದು ಕಷ್ಟದ ಪಾಠ. ತಿದ್ದುವುದು ನಮ್ಮ ಹೊಟ್ಟೆಪಾಡು. ಆದರೆ ಒಂದು ಸಲ ತಿದ್ದಿದರೆ ಎದುರಿನವರ ನಾಲಿಗೆ ತಕ್ಷಣ ಷೋಕಿ ಕನ್ನಡಕ್ಕೆ ತಿರುಗುತ್ತದೆ. ‘ಬತ್ತಾವ್ನೆ’ ಎಂದವರು ‘ಬರುತ್ತಿದ್ದಾರೆ’ ಎಂದು ಸಭೆಯಲ್ಲಿ ಕೂತ ಹಾಗೆ ಮಾತಾಡತೊಡಗುತ್ತಾರೆ. ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯಿರಿ. ಹಾಲು ಆಲಾಗುತ್ತದೆ, ಹಟ್ಟಿ ಅಟ್ಟಿಯಾಗುತ್ತದೆ, ಎರಡು ಎಲ್ಡಾಗುತ್ತದೆ, ಬಿಡು ಬುಡು ಆಗುತ್ತದೆ. ಇದೆಲ್ಲ ಬಾಯಿಗೆ ಬಂದಂತೆ ನಡೆಯುವುದಲ್ಲ, ಇದಕ್ಕೊಂದು ಕಟ್ಟುಪಾಡಿದೆ. ವಸ್ತುವಿಗೆ ‘ಐತೆ’, ಗಂಡಸಿಗೆ ‘ಅವ್ನೆ’, ಹೆಂಗಸಿಗೆ ‘ಅವ್ಳೆ’, ಹಿರಿಯರಿಗೆ ‘ಅವ್ರೆ’. ಅಪ್ಪನ ಬಗ್ಗೆ ‘ಐತೆ’ ಎಂದ ಮಗುವನ್ನು ಓದುಬರಹ ಬಾರದ ಅಜ್ಜಿಯೇ ಗದರುತ್ತಾಳೆ. ವ್ಯಾಕರಣ ಇಲ್ಲದ ಕಡೆ ತಪ್ಪು ಎಂಬುದೇ ಇರುವುದಿಲ್ಲವಲ್ಲ.

ಊರ ಮಾತು ಕೊಳಕು ಎಂದು ನಾಚುವ ಹುಡುಗರಿಗೆ ನಾನು ಮೂರು ಊರಿನ ಹೆಸರು ಹೇಳುತ್ತೇನೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆ: 1884ರಲ್ಲಿ ಬಿ.ಎಂ.ಶ್ರೀ. ಹುಟ್ಟಿದ ಊರು. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ: 1906ರಲ್ಲಿ ತೀ.ನಂ.ಶ್ರೀ. ಹುಟ್ಟಿದ್ದು ಅಲ್ಲಿ. ಇಲ್ಲಿನದೇ ಸಾಸಲು: 1931ರಲ್ಲಿ ಹುಟ್ಟಿ, ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದ ಸಾ.ಶಿ.ಮರುಳಯ್ಯನವರ ಊರು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ.ಶ್ರೀ.ಯವರೇ ಕನ್ನಡಿಗರು ಆಡುಮಾತಿನಲ್ಲಿ ಚ, ಜ ಅಕ್ಷರಗಳನ್ನು ಹೇಗೆ ನುಡಿಯುತ್ತಾರೆ ಎಂದು ಕಿವಿಗೊಟ್ಟು ಇಂಗ್ಲಿಷಿನಲ್ಲಿ ಭಾಷಾವಿಜ್ಞಾನದ ಪ್ರಬಂಧ ಬರೆದರು. ಅಷ್ಟು ದೊಡ್ಡ ಪಂಡಿತರಿಗೆ ಆಡುಮಾತು ಅಧ್ಯಯನಕ್ಕೆ ತಕ್ಕದ್ದಾಗಿತ್ತು.

ತರಗತಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳಬಹುದು. ಪರೀಕ್ಷೆಗೆ ‘ಹೇಗೆ’ ಬರೆಸುತ್ತೇನೆ, ಮೈದಾನದಲ್ಲಿ ‘ಎಂಗ್ಲಾ’ ಎಂದರೆ ಕಿವಿ ಹಿಂಡುವುದಿಲ್ಲ.

3. ಯಾರು ಯಾರಿಗೆ ಹೇಳಿದರು ಎಂದು ಬರೆಯದಿದ್ದರೆ ಗಾದೆ ಅರ್ಧ ಮಾತ್ರ

ಗಾದೆ ಪುಸ್ತಕಗಳು ಅಕಾರಾದಿಯಲ್ಲಿ ಸಾಲು ನಿಲ್ಲಿಸುತ್ತವೆ. ಓದಿದರೆ ಊರಿನ ಜನವೆಲ್ಲ ಬುದ್ಧಿವಾದ ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದರು ಅನ್ನಿಸಬೇಕು. ನಿಜದಲ್ಲಿ ಗಾದೆ ಬುದ್ಧಿವಾದಕ್ಕಿಂತ ಚುಚ್ಚುಮಾತಿಗೇ ಹೆಚ್ಚು ಬಳಕೆ. ನೇರ ಹೇಳಿದರೆ ಜಗಳ ಆಗುವ ಕಡೆ ಗಾದೆ ಬರುತ್ತದೆ. ‘ನಾನೆಲ್ಲಿ ಅಂದೆ, ಹಿರೇರು ಹೇಳವ್ರೆ’ ಎಂದು ಜಾರಿಕೊಳ್ಳಬಹುದು.

‘ಇಂಗು ತೆಂಗು ಇದ್ರೆ ಮಂಗಾನೂ ಅಡುಗೆ ಮಾಡ್ತೈತೆ.’ ಕನ್ನಡನಾಡೆಲ್ಲ ಬಲ್ಲ ಗಾದೆ. ಪುಸ್ತಕದಲ್ಲಿ ಇದರ ಅರ್ಥ: ಸಾಮಗ್ರಿ ಇದ್ದರೆ ಯಾರು ಬೇಕಾದರೂ ಕೆಲಸ ಮಾಡಬಲ್ಲರು. ನಾನು ಕೇಳಿದ್ದು ನೆಂಟರು ಉಂಡು ಸೊಸೆಯ ಸಾರನ್ನು ಹೊಗಳಿದ ಕೂಡಲೇ ಅತ್ತೆಯ ಬಾಯಿಂದ. ಸೊಸೆ ಬಿಟ್ಟಾಳೆಯೇ? ‘ಹೌದತ್ತೆ, ಈ ಮನೇಲಿ ತೆಂಗಿಗೇನ್ ಬರಾನಾ, ಇಂಗು ಮಾತ್ರ ನಮ್ಮಪ್ಪ ತಂದಿದ್ದು’ ಎಂದಳು. ಎಲ್ಲರ ಅಟ್ಟದಲ್ಲೂ ಕಾಯಿ ಬಿದ್ದಿರುವ ಈ ಸೀಮೆಯಲ್ಲಿ ಗಾದೆಯ ತೂಕವೆಲ್ಲ ಇಂಗಿನ ಮೇಲೆ ಬೀಳುತ್ತದೆ. ಕರಾವಳಿಯಲ್ಲೋ ಬಯಲುಸೀಮೆಯ ಇನ್ನೊಂದು ಮೂಲೆಯಲ್ಲೋ ಇದೇ ಮಾತು ಬೇರೆ ಕಡೆ ಚುಚ್ಚಬಹುದು.

‘ಮರ ಹತ್ತೋನ್ನ ಕೈಗೆ ಸಿಗೋ ಗಂಟ ತಳ್ಳಬೌದು’ ಎಂಬುದನ್ನು ಮಾವ ಅಳಿಯನಿಗೆ ಹೇಳಿದರೆ ಇನ್ನು ಮುಂದೆ ದುಡ್ಡು ಕೇಳಬೇಡ ಎಂದು ಅರ್ಥ. ಮೇಷ್ಟ್ರಿಗೆ ಪೋಷಕರು ಹೇಳಿದರೆ ನಮ್ಮ ಹುಡುಗ ಫೇಲಾದದ್ದಕ್ಕೆ ನಿಮ್ಮನ್ನು ದೂರುವುದಿಲ್ಲ ಎಂಬ ಸಮಾಧಾನ. ಬರೀ ಗಾದೆ ಬರೆದುಕೊಂಡು ಬಂದರೆ ಇವೆರಡರಲ್ಲಿ ಯಾವುದೂ ಸಿಗುವುದಿಲ್ಲ.

ಕಿಟೆಲ್ ಇದನ್ನು ಅರಿತಿದ್ದರೆಂದು ಕಾಣುತ್ತದೆ. 1894ರ ಅವರ ನಿಘಂಟಿನಲ್ಲಿ ಗಾದೆಗಳು ಬೇರೆ ಪಟ್ಟಿಯಾಗಿರದೆ ಆಯಾ ಪದದ ಕೆಳಗೇ ಬಂದಿವೆ, ಪದ ನಡೆದಾಡುವುದನ್ನು ತೋರಿಸಲು. ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಗ್ರಂಥ, ಶಾಸನಗಳ ಪ್ರಯೋಗಗಳನ್ನು ಹೆಕ್ಕಿ ಕಟ್ಟಿದ ಮಹಾಕೆಲಸ. ಕಾವ್ಯಕ್ಕೂ ಶಾಸನಕ್ಕೂ ಏರದ ತೋಟದ ಮಾತನ್ನು ಹಿಡಿಯಬೇಕಾದವರು ನಮ್ಮಂಥವರೇ.

ಒಂದು ಕಟುವಾದ ಮಾತು. ಗಾದೆಗಳಲ್ಲಿ ಜಾತಿ ಹಿಡಿದು ಹೀಯಾಳಿಸುವವು, ಹೆಂಗಸರನ್ನು, ವಿಧವೆಯರನ್ನು, ಕುಂಟರು ಕುರುಡರನ್ನು ಆಡಿಕೊಳ್ಳುವವು ಕಡಿಮೆಯೇನಿಲ್ಲ. ಅವನ್ನೂ ಬರೆದಿಡಬೇಕು, ಇಲ್ಲದಿದ್ದರೆ ಹಳ್ಳಿ ಹೇಗಿತ್ತು ಎಂಬುದರ ಸುಳ್ಳು ಚಿತ್ರ ಉಳಿಯುತ್ತದೆ. ಆದರೆ ರಾಜ್ಯೋತ್ಸವದ ಗಾದೆ ಸ್ಪರ್ಧೆಯಲ್ಲಿ ಮಕ್ಕಳ ಬಾಯಲ್ಲಿ ಹೇಳಿಸುವುದು ಬೇಡ. ಹಳೆಯದೆಲ್ಲ ಹೊನ್ನಲ್ಲ.

4. ಮಳೆ ಗಾದೆಗೆ ಬೆಳೆಯ ಹೆಸರೂ ಸೇರಿಸಿ

ಮಳೆಗಾದೆ ಎಲ್ಲರಿಗೂ ಇಷ್ಟ. ‘ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ’, ‘ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ’ ಎಂದು ಪಟಪಟನೆ ಹೇಳುತ್ತಾರೆ. ಭರಣಿ ಯಾವಾಗ ಎಂದು ಕೇಳಿದರೆ ಅರ್ಧಕ್ಕರ್ಧ ಜನ ತಡವರಿಸುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ಮಳೆ. ಭರಣಿ ಏಪ್ರಿಲ್ ಕೊನೆಗೆ ಹುಟ್ಟುತ್ತದೆ, ಆರಿದ್ರೆ ಜೂನ್ 21-22ರ ಸುಮಾರಿಗೆ.

ಭರಣಿಯ ಗಾದೆಯನ್ನು ತೆಂಗಿಗೆ ಹೇಳಿದ್ದೆಂದು ಊಹಿಸಬೇಡಿ. ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆ ಪೂರ್ವಮುಂಗಾರಿನಲ್ಲಿ ಹೆಸರು, ಅಲಸಂದೆ ಬಿತ್ತುತ್ತಾರೆ. ಭರಣಿ ಹದವಾಗಿ ಹುಯ್ದರೆ ಹೆಸರು ಕಾಳು ಮನೆಗೆ ಬಂತು, ಕೈಗೊಂದಿಷ್ಟು ಕಾಸು ಬಂತು, ಅದರ ಹಿಂದೆಯೇ ಅದೇ ಹೊಲಕ್ಕೆ ರಾಗಿ. ಭರಣಿಯ ಮೇಲೆ ಇಷ್ಟೆಲ್ಲ ನಿಂತಿರುವುದರಿಂದಲೇ ಧರಣಿಯ ಮಾತು. ಬೆಳೆ ಗೊತ್ತಿಲ್ಲದೆ ಗಾದೆ ಬರೆದರೆ ಅದು ಬರೀ ಪ್ರಾಸ.

‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಎಂಬಲ್ಲಿನ ಬೆದೆ, ಬೀಜ ಹಾಕಲು ತಕ್ಕ ಮಣ್ಣಿನ ಹಸಿ, ಬೆರಳಿಗೆ ಮಣ್ಣು ತಾಗಿಸಿದವರಿಗೆ ಮಾತ್ರ ಗೊತ್ತಿರುವ ಪದ. ಬೋರು, ಡ್ರಿಪ್ಪು ನಂಬಿದ ತೋಟದ ಹುಡುಗನಿಗೆ ಗೇಟ್‌ವಾಲ್ವು ಗೊತ್ತು, ತ್ರೀಫೇಸು ಕರೆಂಟು ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೆ ಗೊತ್ತು, ಬೆದೆ ಗೊತ್ತಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ, ಕೆಲಸ ಬದಲಾಗಿದೆ. ನೀರುಗಂಟಿ ಇಲ್ಲದ ಕೆರೆಯಲ್ಲಿ ತೂಬು ಎತ್ತುವ ಮಾತು ಯಾರಿಗೆ ಬೇಕು? ಅದಕ್ಕೇ ಪದದ ಜೊತೆ ಕೆಲಸವನ್ನೂ ಬಿಡಿಸಿ ಬರೆಯಬೇಕು, ಏತ ಹೇಗೆ ತುಳಿಯುತ್ತಿದ್ದರು, ಕಪಿಲೆಗೆ ಎತ್ತು ಹೇಗೆ ಕಟ್ಟುತ್ತಿದ್ದರು ಎಂಬುದರವರೆಗೆ.

5. ಹೇಳಬಾರದೆಂದು ಬಿಟ್ಟ ಮಾತುಗಳನ್ನು ಗಮನಿಸಿ

ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ದೀಪ ಆರಿಸು ಎನ್ನಬಾರದು, ‘ದೊಡ್ಡದು ಮಾಡು’. ರಾತ್ರಿ ಹೊತ್ತು ಹಾವೆಂಬ ಮಾತೇ ಇಲ್ಲ, ‘ಹುಳ’. ಕಚ್ಚಿದರೂ ‘ಹುಳ ಮುಟ್ಟೈತೆ’. ಕೇಳಿದರೆ ಇವನ್ನು ಯಾರೂ ಪದ ಎಂದು ಹೇಳಿಕೊಡುವುದಿಲ್ಲ, ಯಾಕೆಂದರೆ ಅವರಿಗೆ ಇದು ಪದವಲ್ಲ, ನಡವಳಿಕೆ. ಹೊಸ ನರ್ಸಮ್ಮ ಬಂದು ‘ಯಾವ ಹುಳ? ಜೇನೋ, ಚೇಳೋ?’ ಎಂದು ಕೇಳುತ್ತ ನಿಂತರೆ ಹೊತ್ತು ದಂಡವಾಗುವುದು ಹಾವು ಕಚ್ಚಿಸಿಕೊಂಡವನಿಗೆ. ಬೇರೆ ಕಡೆಯಿಂದ ಇಲ್ಲಿಗೆ ಬರುವ ವೈದ್ಯರು, ನರ್ಸುಗಳಿಗೆ ಇಂಥ ಹತ್ತು ಮಾತಿನ ಚೀಟಿ ಕೊಡುವುದು ನಿಘಂಟಿಗಿಂತ ತುರ್ತಿನ ಕೆಲಸ.

6. ಮಂಡಿಯ ಮಾತನ್ನೂ, ಇಂಗ್ಲಿಷ್ ಬೆರೆತದ್ದನ್ನೂ ಬಿಡಬೇಡಿ

ಹಳೆಯದು ಮಾತ್ರ ದೇಸಿ ಎಂದುಕೊಂಡವರು ತಿಪಟೂರಿನ ಎಪಿಎಂಸಿ ಅಂಗಳಕ್ಕೆ ಹೋಗುವುದಿಲ್ಲ. ಅಲ್ಲಿ ಧಾರಣೆ, ಪಟ್ಟಿ, ಸೂಟು, ಹಮಾಲಿ, ರವಾನೆ, ಟೆಂಡರ್ ಎಲ್ಲ ಒಟ್ಟಿಗೆ ಹರಿಯುತ್ತವೆ. ತೂಕದಲ್ಲಿ ಮುರಿದುಕೊಳ್ಳುವುದಕ್ಕೆ ಸೂಟು ಎಂಬ ಸಣ್ಣ ಹೆಸರಿದೆ. ರೈತನ ಬಾಯಲ್ಲಿ ಆ ಪದ ಬಂದಾಗಿನ ದನಿಯನ್ನೂ ಬರೆದುಕೊಳ್ಳಿ. ‘ನಾಫೆಡ್‌ಗೆ ಬಿಟ್ಟೆ’ ಎಂದರೆ ಬೆಂಬಲ ಬೆಲೆಗೆ ಸರ್ಕಾರಿ ಖರೀದಿ ಕೇಂದ್ರಕ್ಕೆ ಹಾಕಿದೆ ಎಂದರ್ಥ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಆ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇತ್ತು. ಇಂಥ ಅಂಕಿ ಟೀ ಅಂಗಡಿಯಲ್ಲಿ ಗಾದೆಗಿಂತ ಹೆಚ್ಚು ಸಲ ಕೇಳಿಬರುತ್ತದೆ.

ರೋಗದ ಜೊತೆಗೂ ಮಾತು ಬಂತು. 1990ರ ದಶಕದ ಕೊನೆಗೆ ತೆಂಗಿಗೆ ನುಸಿ ಬಿದ್ದು ಕಾಯಿ ಸುಕ್ಕಿ ಸಣ್ಣದಾದವು. ಈಗ ಮದುವೆ, ಹೆರಿಗೆ, ಬೋರು ಕೊರೆಸಿದ್ದು ಎಲ್ಲವನ್ನೂ ‘ನುಸಿ ಬಂದ್ ಕಾಲ್ದಾಗೆ’ ಎಂದು ಲೆಕ್ಕ ಹಾಕುವವರಿದ್ದಾರೆ. ಹಿಂದಿನವರು ಬರ, ಪ್ಲೇಗುಗಳನ್ನು ಹಿಡಿದು ವಯಸ್ಸು ಹೇಳುತ್ತಿದ್ದರಲ್ಲ, ಹಾಗೆ.

ದನದ ಜಾತ್ರೆಯಲ್ಲಿ ಟವೆಲಿನ ಅಡಿ ಬೆರಳು ಹಿಡಿದು ರೇಟು ಮಾತಾಡುವ ದಲ್ಲಾಳಿಗಳದ್ದು ಇನ್ನೊಂದೇ ಲೋಕ. ಹೊರಗೆ ಕೇಳಿಸುವುದು ‘ಎಲ್ಡಲ್ಲು’, ‘ನಾಕಲ್ಲು’, ‘ಬಾಯ್ಗೂಡೈತೆ’ ಎಂಬ ಹಲ್ಲಿನ ಲೆಕ್ಕ ಮಾತ್ರ. ಒಳಗಿನ ಗುಟ್ಟಿನ ಸಂಖ್ಯೆಗಳನ್ನು ಕೇಳಿ ತಿಳಿದರೂ ಅಚ್ಚು ಹಾಕಬೇಡಿ. ಅದು ಅವರ ಅನ್ನ.

7. ಸೀಮೆ ಒಂದಾದರೂ ಮಾತು ಒಂದಲ್ಲ

ಹುಳಿಯಾರು ಕಡೆಯ ಮಾತು ಹಿರಿಯೂರು, ಹೊಸದುರ್ಗದ ಕಡೆ ವಾಲುತ್ತದೆ. ತುರುವೇಕೆರೆಯದು ನಾಗಮಂಗಲದ ಗಾಳಿಗೆ. ಹಟ್ಟಿ ಎಂದರೆ ಒಬ್ಬರಿಗೆ ಮನೆಯಂಗಳ, ಕಾಡುಗೊಲ್ಲರಿಗೆ ಇಡೀ ಊರು. ತಮ್ಮ ದೈವ ಜುಂಜಪ್ಪನ ಕತೆ ಹಾಡುವ, ಗಣೆ ಎಂಬ ಕೊಳಲು ಊದುವ ಆ ಹಟ್ಟಿಗಳಲ್ಲಿ ಕುರಿ ದನಗಳ ಬಗ್ಗೆ ಇರುವ ಮಾತು ನಮ್ಮ ತೆಂಗಿನವರ ಬಳಿ ಇಲ್ಲ. ತಾಂಡಾದ ಲಂಬಾಣಿಗರು, ಪೇಟೆಯ ಸಾಬರು ಮನೆಯಲ್ಲಿ ಬೇರೆ ಭಾಷೆ ಆಡಿದರೂ ಬೀದಿಯಲ್ಲಿ ಅವರ ಕನ್ನಡ ಅಪ್ಪಟ ಇಲ್ಲಿಯದೇ. ‘ನಮ್ಮೂರ ಮಾತು’ ಎಂದು ತಲೆಬರಹ ಕೊಡುವ ಮೊದಲು ಯಾರ ಕೇರಿಯದು ಎಂದು ಕೇಳಿಕೊಳ್ಳಿ.

8. ಹೆಂಗಸರನ್ನು ಕೇಳದ ಪಟ್ಟಿ ಅರೆಬರೆ

ಪದಸಂಗ್ರಹಕ್ಕೆ ಬರುವವರು ಗೌಡರನ್ನೋ ಪಟೇಲರನ್ನೋ ಕಂಡು ಹೋಗುತ್ತಾರೆ. ಕೊಬ್ಬರಿ ಆರಿಸಿದವರು, ಗರಿ ಸೀಳಿ ಕಡ್ಡಿ ತೆಗೆದು ಬರಲು ಕಟ್ಟಿದವರು, ಹಸಿಟ್ಟು ಬೀಸಿ ತಂಬಿಟ್ಟು ಕಟ್ಟಿದವರು ಒಳಗಿರುತ್ತಾರೆ. ಬೈಗುಳ, ಶಾಪ, ಹರಕೆ, ಹೆರಿಗೆಯ ಮಾತು, ಎಸರು ಕುದಿಯುವ ಹಂತಗಳು, ಮುದ್ದೆ ಗಂಟಾದರೆ ಹೇಳುವುದು ಎಲ್ಲ ಅಲ್ಲಿದೆ. ಗಂಡಸರ ಮುಂದೆ ಅವರು ಬಾಯಿ ಬಿಡುವುದಿಲ್ಲ. ನಿಮ್ಮ ಅಕ್ಕನನ್ನೋ ಅಮ್ಮನನ್ನೋ ಜೊತೆಗೆ ಕರೆದೊಯ್ಯಿರಿ.

9. ಫೋನು ಒಳ್ಳೆಯದು, ಕೇಳಿಯೇ ಆನ್ ಮಾಡಿ

ನೋಟ್‌ಬುಕ್ಕು ಕಂಡರೆ ಬಾಯಿ ಕಟ್ಟುತ್ತದೆ, ಫೋನಿಗೆ ಯಾರೂ ಹೆದರುವುದಿಲ್ಲ. ಒಪ್ಪಿಗೆ ಕೇಳಿ ಬದಿಗಿಡಿ. ಮನೆಗೆ ಬಂದ ಅಂದೇ ಊರು, ಹೇಳಿದವರ ವಯಸ್ಸು, ಮಾಡುತ್ತಿದ್ದ ಕೆಲಸ, ಇಡೀ ವಾಕ್ಯ ಬರೆದುಕೊಳ್ಳಿ. ಜಗಳದ ಮಾತಿಗೆ ಹೆಸರು ಹಾಕಬೇಡಿ; ಊರಲ್ಲಿ ನಾಳೆಯೂ ಬದುಕಬೇಕು.

10. ಹೊಲದ ಹೆಸರಿನಿಂದ ಶುರು ಮಾಡಿ

ಎಲ್ಲಿಂದ ಶುರು ಮಾಡೋದು ಎಂದು ಕೇಳುವವರಿಗೆ ನನ್ನ ಉತ್ತರ ಇದು. ನಮ್ಮ ಕಡೆ ಪ್ರತಿ ಹೊಲಕ್ಕೂ ಹೆಸರಿದೆ: ಕೆರೆ ಹಿಂದ್ಲ ಹೊಲ, ಬಸರಿಮರದ ಹೊಲ, ಗುಡ್ಡದ ಹೊಲ, ಮೂಡ್ಲ ತುಡಿಕೆ. ಬಸರಿಮರ ಬಿದ್ದು ಎಷ್ಟೋ ಕಾಲವಾಗಿದ್ದರೂ ಹೆಸರು ನಿಂತಿರುತ್ತದೆ. ಹಳೆಯ ಕ್ರಯಪತ್ರಗಳ ಚೆಕ್ಕುಬಂದಿಯಲ್ಲಿ ಇಂಥ ಹೆಸರು ಅಲ್ಲಲ್ಲಿ ಸಿಗುತ್ತವೆ. ಪಹಣಿಯಲ್ಲಿ ಸರ್ವೆ ನಂಬರು ಇದೆ, ಹಿಸ್ಸಾ ಇದೆ, ವಿಸ್ತೀರ್ಣ ಇದೆ. ಹೆಸರಿಗೆ ಕಾಲಂ ಇಲ್ಲ. ಅಣ್ಣತಮ್ಮಂದಿರು ಪಾಲಾಗಿ, ಹೊರಗಿನವರು ಕೊಂಡು, ಸುತ್ತ ತಂತಿಬೇಲಿ ಬಿದ್ದ ವರ್ಷವೇ ಆ ಹೆಸರು ಹೋಗುತ್ತದೆ. ಗಾದೆಯಾದರೆ ಪಕ್ಕದ ತಾಲ್ಲೂಕಿನಲ್ಲಾದರೂ ಸಿಕ್ಕೀತು. ನಿಮ್ಮ ಹೊಲದ ಹೆಸರು ನಿಮ್ಮ ಮನೆಯವರನ್ನು, ಪಕ್ಕದ ಹೊಲದವರನ್ನು ಬಿಟ್ಟರೆ ಇನ್ನೆಲ್ಲೂ ಸಿಗದು.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಪಹಣಿಯನ್ನು ಜೆರಾಕ್ಸ್ ಮಾಡಿಸಿ, ಹಿರಿಯರನ್ನು ಕೂರಿಸಿಕೊಂಡು, ಒಂದೊಂದು ನಂಬರಿನ ಎದುರಿಗೂ ಹೊಲದ ಹೆಸರು ಬರೆಯಿರಿ. ಹೇಳಿದವರ ಹೆಸರು, ತಾರೀಖು ಕೆಳಗೆ ಹಾಕಿ.